ಮೀಸೆ ಇದ್ದ ಒಂಬತ್ತು ರಾತ್ರಿ

ತಿಂಗಳ ಹದಿನೇಳು, ಭಾನುವಾರ
ಮಧ್ಯಾಹ್ನ ಮೂರು ಗಂಟೆ

ಅಮ್ಮನಿಗೇ ಬುದ್ಧಿ ಹೇಳುವಷ್ಟು ಬೆಳೆದ ನನ್ನ ಮುದ್ದು ಮಗಳಿಗೆ,

ನಿನ್ನ ಪತ್ರ ಮಂಗಳವಾರ ಬಂತು. ಎರಡು ಸಲ ಓದಿದೆ. ಮೊದಲ ಸಲ ಕೋಪ ಬಂತು, ಎರಡನೇ ಸಲ ಇನ್ನೂ ಜಾಸ್ತಿ ಬಂತು. ಬಸ್ಸು ಓಡಿಸಿದ್ದು ಸಾಕಮ್ಮ, ಡಿಪೋದಲ್ಲಿ ಪಾಸು ಕೊಡುವ ಕಿಟಕಿ ಖಾಲಿ ಇದೆಯಂತೆ, ಅವರಾಗಿ ಇಳಿಸುವ ಮೊದಲು ನೀನೇ ಮರ್ಯಾದೆಯಿಂದ ಹೋಗಿ ಅಲ್ಲಿ ಕೂತ್ಕೋ ಅಂತ ಬರೆದಿದ್ದೀಯ. ಕೂರುವುದಿಲ್ಲ. ಹತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಇದು, ಪಾಸಿಗೆ ಮೊಹರು ಒತ್ತಿಕೊಂಡು ಕೂರುವ ಕೈಯಲ್ಲ. ಫೋನಿನಲ್ಲಾದರೆ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆಯವರೆಗೂ ಓದು.

ನಿನಗೆ ಗೊತ್ತಿರುವುದು ಅರ್ಧ. ಬಸ್ಸಿನಲ್ಲಿ ತೂಕಡಿಸುತ್ತೇನೆ ಅಂತ ನನ್ನ ಮೇಲೆ ದೂರು ಹೋದ ಮೇಲೆ ಡಿಪೋದವರು ಮಾಡಿಸಿದ ಪರೀಕ್ಷೆಯಲ್ಲಿ, ನಿದ್ದೆಯಲ್ಲಿ ನನ್ನ ಉಸಿರು ಗಂಟೆಗೆ ಮೂವತ್ತನಾಲ್ಕು ಸಲ ನಿಲ್ಲುತ್ತದೆ ಅಂತ ಬಂತು. ಡಿಪೋ ಡಾಕ್ಟರು ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಿದರೆ ಅದು ಕೊಳವೆಯಿಂದ ಗಾಳಿ ಊದುತ್ತ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಅದರೊಳಗೊಂದು ಕಾರ್ಡು ಇದೆ. ಎಷ್ಟು ಹೊತ್ತು ಹಾಕಿಕೊಂಡೆ ಅನ್ನುವುದನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ಮೂವತ್ತು ದಿನದಲ್ಲಿ ಕಡಿಮೆ ಅಂದರೂ ಇಪ್ಪತ್ತೊಂದು ರಾತ್ರಿ, ದಿನಕ್ಕೆ ನಾಲ್ಕು ಗಂಟೆ. ಅಷ್ಟಾದರೆ ಸೀಟು ನನ್ನದು, ಇಲ್ಲದಿದ್ದರೆ ಇಲ್ಲ. ಅಲ್ಲಿಯವರೆಗೆ ಬಸ್ಸು ಮುಟ್ಟುವ ಹಾಗಿಲ್ಲ.

ಇದೇನು ಮಹಾ ಅಂದುಕೊಂಡೆ. ಆದರೆ ನನ್ನ ಮೂಗು ನಿನಗೆ ಗೊತ್ತಲ್ಲ. ಸೈನಸ್ ಅನ್ನುವುದು ನನ್ನ ಜೊತೆಗೇ ಹುಟ್ಟಿದ್ದು. ಮೂರನೇ ರಾತ್ರಿಗೇ ಎರಡೂ ಹೊಳ್ಳೆ ಕಟ್ಟಿ, ಹಣೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು. ಮೂಗೇ ಮುಚ್ಚಿದ ಮೇಲೆ ಯಂತ್ರ ಎಲ್ಲಿಗೆ ಊದಬೇಕು. ಬಾಯಿ ತೆರೆದರೆ ಗಾಳಿಯೆಲ್ಲ ಬಾಯಿಂದ ಸೋರಿ ಗಂಟಲ ಪಸೆ ಆರುತ್ತಿತ್ತು. ಮಾಸ್ಕ್ ಕಿತ್ತೆಸೆದು ಕೂತುಬಿಡುತ್ತಿದ್ದೆ.

ಆಗ ಮಾಡಿದ ದಡ್ಡತನವನ್ನೂ ಹೇಳುತ್ತೇನೆ, ನಗಬೇಡ. ಯಂತ್ರದ ಪಕ್ಕದಲ್ಲಿ ನೀರು ತುಂಬುವ ಪುಟ್ಟ ತೊಟ್ಟಿ ಇದೆ. ಶೀತ ಆದವಳಿಗೆ ತೇವದ ಗಾಳಿ ಬೇಡ ಅಂತ ನಾನೇ ತೀರ್ಮಾನಿಸಿ ಅದನ್ನು ಖಾಲಿ ಮಾಡಿ, ಒರೆಸಿ, ಕಪಾಟಿನಲ್ಲಿಟ್ಟೆ. ಚಿಕ್ಕವಳಿದ್ದಾಗ ನೆಗಡಿ ಬಂದರೆ ನಿನಗೆ ತಲೆಗೆ ನೀರು ಹಾಕುತ್ತಿರಲಿಲ್ಲವಲ್ಲ, ಅದೇ ಲೆಕ್ಕ. ಜೊತೆಗೆ ಔಷಧಿ ಅಂಗಡಿಯಿಂದ ಮೂಗಿಗೆ ಬಿಡುವ ಹನಿ ತಂದೆ. ಬಿಟ್ಟ ಹತ್ತು ನಿಮಿಷಕ್ಕೆ ಮೂಗು ಬಾಗಿಲು ತೆಗೆದ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತಿತ್ತು. ಮತ್ತೆ ಹನಿ, ಮತ್ತೆ ಕಟ್ಟುವುದು. ಮೂರು ವಾರ ಹೀಗೇ ನಡೆಯಿತು.

ಇನ್ನು ನಿಮ್ಮಪ್ಪನ ಸಾಹಸ. ಅರ್ಧ ತಿಂಗಳು ಕಳೆದರೂ ಸರಿಯಾದ ರಾತ್ರಿ ಏಳೋ ಎಂಟೋ ಆಗಿತ್ತು. ಕಾರ್ಡಿಗೆ ಮುಖ ಕಾಣುತ್ತಾ, ಇಲ್ಲಿ ಕೊಡು, ನಾನು ಹಾಕ್ಕೊಂಡು ಮಲಗ್ತೀನಿ ಅಂದರು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ದರ್ಜಿಯಲ್ಲವೇ, ಮಾಸ್ಕಿನ ಪಟ್ಟಿಗೆ ಮೆತ್ತನೆ ಬಟ್ಟೆ ಹೊಲಿದು, ತಲೆಗೆ ಸರಿಯಾಗಿ ಬಿಗಿದುಕೊಂಡು ಒಂಬತ್ತು ರಾತ್ರಿ ನನ್ನ ಬದಲು ಉಸಿರಾಡಿದರು. ಒಟ್ಟು ಇಪ್ಪತ್ತೆರಡು ರಾತ್ರಿ ಆಯಿತು. ಕಾರ್ಡು ಹಿಡಿದುಕೊಂಡು ಎದೆಯುಬ್ಬಿಸಿ ಕ್ಲಿನಿಕ್ಕಿಗೆ ಹೋದೆ.

ಅಲ್ಲಿನ ನರ್ಸಮ್ಮನಿಗೆ ನಿನ್ನದೇ ವಯಸ್ಸು, ನಿನ್ನಂಥದೇ ಬಾಯಿ. ಕಂಪ್ಯೂಟರಿನಲ್ಲಿ ಗೆರೆಗಳನ್ನು ನೋಡುತ್ತ ನೋಡುತ್ತ, ಆಂಟಿ, ಈ ಒಂಬತ್ತು ರಾತ್ರಿ ಮಾತ್ರ ಮಾಸ್ಕಿನಿಂದ ಗಾಳಿ ಸೋರಿದೆ, ಮೀಸೆ ಇದ್ದವರಿಗೆ ಹೀಗಾಗುತ್ತೆ, ಆಗ ನಿಮಗೇನು ಮೀಸೆ ಬಂದಿತ್ತಾ ಅಂತ ಕೇಳಿದಳು. ಗುಟ್ಟು ಅಲ್ಲೇ ರಟ್ಟಾಯಿತು. ತಲೆ ತಗ್ಗಿಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನಗಲಿಲ್ಲ. ಸೋರಿದ್ದು ಹೋಗಲಿ ಆಂಟಿ, ಆ ರಾತ್ರಿಗಳಲ್ಲಿ ಉಸಿರು ನಿಲ್ಲದೇ ಇರೋಕೆ ಯಂತ್ರ ನಿಮಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಒತ್ತಡದಲ್ಲಿ ಗಾಳಿ ಊದಬೇಕಾಗಿ ಬಂದಿದೆ, ಅವರು ಯಾರೇ ಆಗಲಿ ಬೇಗ ಕರ್ಕೊಂಡು ಬನ್ನಿ ಅಂದಳು. ನಿಮ್ಮಪ್ಪನಿಗೂ ಇದೇ ಕಾಯಿಲೆ ಅಂತ ಆಗ ಹೊಳೆಯಿತು. ಹೊಲಿಗೆ ಯಂತ್ರದ ಮುಂದೆ ಕೂತೇ ತೂಕಡಿಸುವ ಮನುಷ್ಯ ಅಂತ ನಾವಿಬ್ಬರೂ ಎಷ್ಟು ವರ್ಷ ಆಡಿಕೊಂಡು ನಕ್ಕಿದ್ದೇವೆ. ನನ್ನ ಗೊರಕೆಯ ಅಬ್ಬರದಲ್ಲಿ ಅವರ ಗೊರಕೆ ಯಾರಿಗೂ ಕೇಳಿಸಿರಲಿಲ್ಲ.

ಡಾಕ್ಟರು ಮಾತ್ರ ಕೆಂಡವಾದರು. ಮೋಸ ಮಾಡಿದ್ದೀರಿ, ಸುಮ್ಮನೆ ಪಾಸಿನ ಕಿಟಕಿ ತಗೊಳ್ಳಿ ಅಂದರು. ಮಾಡಿದ್ದು ತಪ್ಪು, ಬೈಯಿರಿ, ಆದರೆ ಕಿಟಕಿ ಬೇಡ, ಇನ್ನೊಂದು ಮೂವತ್ತು ದಿನ ಕೊಡಿ ಅಂತ ಪಟ್ಟು ಹಿಡಿದು ಕೂತೆ. ಹೊರಗೆ ರೋಗಿಗಳ ಸಾಲು ಬೆಳೆಯಿತೇ ಹೊರತು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಕೊಟ್ಟರು, ಇದೇ ಕೊನೆ ಅಂತ ಬರೆದೂ ಕೊಟ್ಟರು.

ನರ್ಸಮ್ಮ ನನ್ನ ದಡ್ಡತನವನ್ನೆಲ್ಲ ಒಂದೊಂದಾಗಿ ಬಿಡಿಸಿದಳು. ಒಣಗಾಳಿ ಬಡಿದು ಬಡಿದು ಮೂಗಿನ ಒಳಗೋಡೆ ಊದಿಕೊಂಡಿತ್ತಂತೆ, ಅದಕ್ಕೆ ಬೇಕಾದದ್ದು ಬೆಚ್ಚನೆಯ ತೇವವೇ ಅಂತೆ. ಆ ಹನಿಯನ್ನು ಮೂರು ದಿನಕ್ಕಿಂತ ಹೆಚ್ಚು ಬಿಟ್ಟರೆ ಅದೇ ಮೂಗು ಕಟ್ಟಿಸುತ್ತದಂತೆ. ಹನಿಯನ್ನು ಕಸಕ್ಕೆ ಹಾಕಿದೆ. ತೊಟ್ಟಿ ಕಪಾಟಿನಿಂದ ಇಳಿಯಿತು. ದಿನಾ ಅದನ್ನು ತೊಳೆದು, ಶುದ್ಧ ಮಾಡಿದ ನೀರು ತುಂಬುತ್ತೇನೆ. ಮಲಗುವ ಮುಂಚೆ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆದು, ಡಾಕ್ಟರು ಬರೆದುಕೊಟ್ಟ ಸ್ಪ್ರೇ ಹೊಡೆದುಕೊಳ್ಳುತ್ತೇನೆ. ಕೊಳವೆಯಲ್ಲಿ ನೀರು ನಿಂತು ಮುಖಕ್ಕೆ ಚಿಮ್ಮದಿರಲಿ ಅಂತ ನಿಮ್ಮಪ್ಪ ಅದಕ್ಕೆ ಉಣ್ಣೆಯ ಗವಸು ಹೊಲಿದಿದ್ದಾರೆ. ಮೂಗು ಪೂರ್ತಿ ಕಟ್ಟಿದ ದಿನಕ್ಕೆ ಬಾಯಿಯನ್ನೂ ಸೇರಿಸಿ ಮುಚ್ಚುವ ದೊಡ್ಡ ಮಾಸ್ಕ್ ಇದೆ. ಮೊದಲ ವಾರ ಹನಿ ನಿಲ್ಲಿಸಿದ ಸಿಟ್ಟಿಗೆ ಮೂಗು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಹಲ್ಲು ಕಚ್ಚಿ ಮಲಗಿದೆ. ಅಳು ಬಂದ ದಿನ ಅತ್ತು ಮಲಗಿದೆ.

ಮೊನ್ನೆ ಶುಕ್ರವಾರ ಮೂವತ್ತು ದಿನ ಮುಗಿಯಿತು. ಇಪ್ಪತ್ತೆಂಟು ರಾತ್ರಿ, ಅಷ್ಟೂ ನನ್ನವೇ. ಡಾಕ್ಟರು ಗೆರೆಗಳನ್ನು ಎರಡೆರಡು ಸಲ ನೋಡಿ ಸಹಿ ಹಾಕಿದರು. ನಾಳೆ ಬೆಳಿಗ್ಗೆ ಆರು ಗಂಟೆಯ ಮೊದಲ ಟ್ರಿಪ್ಪು ನನ್ನದು. ಪಾಸಿನ ಕಿಟಕಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ನಿಮ್ಮಪ್ಪನಿಗೂ ಯಂತ್ರ ಬಂದಿದೆ. ಮಾಸ್ಕ್ ಸರಿಯಾಗಿ ಕೂರಲಿ ಅಂತ ಮೂವತ್ತು ವರ್ಷದ ಮೀಸೆ ತೆಗೆದರು. ಬಂದಾಗ ಗುರುತು ಸಿಗಲಿಲ್ಲ ಅಂತ ಗಾಬರಿಯಾಗಬೇಡ, ಮುಖ್ಯವಾಗಿ ನಗಬೇಡ.

ಯಾವ ಸೀಟಿನಲ್ಲಿ ಕೂತರೂ ನಿನ್ನನ್ನೇ ನೆನೆಯುವ,
ನಿನ್ನ ಡ್ರೈವರ್ ಅಮ್ಮ

ಮರೆತಿದ್ದು: ನನ್ನ ಮೇಲೆ ದೂರು ಕೊಟ್ಟವರು ಯಾರೋ ಹೊಟ್ಟೆಕಿಚ್ಚಿನವರು ಅಂತ ನಿನಗೆ ಹೇಳಿದ್ದೆ. ನೀನು ನಮ್ಮ ಬಸ್ಸಿನ ಕಂಡಕ್ಟರ್ ಮಾವನ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದೀಯಂತೆ. ಪಾಪ, ಅವರಿಗೆ ಇವತ್ತೇ ಫೋನ್ ಮಾಡು. ಮರೆತದ್ದೂ ಸುಳ್ಳು, ಇದನ್ನು ಬರೆಯಲು ಧೈರ್ಯ ಬಂದದ್ದೇ ಈಗ. ಆಸ್ಪತ್ರೆಯ ಸಿಗ್ನಲ್ಲಿನಲ್ಲಿ ನಿಂತಾಗ, ಹಸಿರು ದೀಪ ಬಂದು ಮತ್ತೆ ಕೆಂಪಾಗುವವರೆಗೂ ನಾನು ನಿದ್ದೆ ಹೋಗಿದ್ದೆ. ಹಿಂದೆ ಮೂವತ್ತೆಂಟು ಜನ ಇದ್ದರು. ಎಂಜಿನ್ ಕೆಟ್ಟಿದೆ ಅಂದುಕೊಂಡರು, ನಾನೂ ಹೂಂ ಅಂದೆ. ಬಸ್ಸನ್ನು ಅಲ್ಲೇ ಪಕ್ಕಕ್ಕೆ ಹಾಕಿ, ಬೇರೆ ಡ್ರೈವರನ್ನು ಕರೆಸಿ, ಡಿಪೋಗೆ ಹೋಗಿ ಆ ದೂರು ಬರೆದುಕೊಟ್ಟವಳು ನಾನೇ. ಆ ಸೀಟಿನಿಂದ ನನ್ನನ್ನು ಇಳಿಸಿದ್ದು ಬೇರೆ ಯಾರೂ ಅಲ್ಲ ಮಗಳೇ. ಈಗ ಹತ್ತುತ್ತಿರುವವಳೂ ನಾನೇ.