ಬಾಗಿಲಿಗೆ ಅಡ್ಡ ಇಟ್ಟ ಕೋಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನೀನು ಚಿಕ್ಕಮ್ಮನ ಮನೆಗೆ ಹೋಗಿ ಎರಡು ತಿಂಗಳಾಗುತ್ತ ಬಂತು, ನಾನು ಈಗ ಪೆನ್ನು ಹಿಡಿದಿದ್ದೇನೆ. ತಡವಾಯಿತು ಅಂತ ಸಿಡುಕಬೇಡ. ಫೋನಿನಲ್ಲಾದರೆ ನೀನು "ಹೂಂ", "ಸರಿ" ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಪತ್ರವನ್ನು ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲವಲ್ಲ!

ಒಂಬತ್ತನೇ ತರಗತಿಗೆ ದಕ್ಷಿಣ ಅಮೆರಿಕದ ಹಳೇ ಇಂಕಾ ಜನರ ದಿನನಿತ್ಯದ ಬದುಕಿನ ಪಾಠ ಮಾಡುತ್ತಿದ್ದೇನೆ. ರಾಜರು, ಚಿನ್ನ ಅಂದಾಗ ಆಕಳಿಸುತ್ತಿದ್ದವರು ಆಲೂಗಡ್ಡೆಯ ವಿಷಯಕ್ಕೆ ಎದ್ದು ಕೂತರು. ಅದನ್ನು ರಾತ್ರಿ ಚಳಿಗೆ ಹೆಪ್ಪುಗಟ್ಟಲು ಬಿಟ್ಟು, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸುತ್ತಿದ್ದರು. "ಕಾಲು ತೊಳ್ಕೊಂಡು ತುಳೀತಿದ್ರಾ ಮಿಸ್?" ಎಂದ ಹಿಂದಿನ ಬೆಂಚಿನ ಬಾಯಿಬಡುಕ. "ನಾನು ನೋಡಿಲ್ಲಪ್ಪ" ಎಂದೆ.

ಮಕ್ಕಳಿಗೆ ನಿಜವಾಗಿ ಹಿಡಿಸಿದ್ದು ಕೋಲು. ಇಂಕಾ ಜನ ಮನೆಗೆ ಬೀಗ ಹಾಕುತ್ತಿರಲಿಲ್ಲವಂತೆ. ಹೊರಗೆ ಹೋಗುವಾಗ ಬಾಗಿಲಿಗೆ ಅಡ್ಡಲಾಗಿ ಒಂದು ಕೋಲು ಇಟ್ಟರೆ, ಒಳಗೆ ಯಾರೂ ಇಲ್ಲ ಅಂತ ಅರ್ಥ. ಅದನ್ನು ದಾಟಿ ಯಾರೂ ಹೋಗುತ್ತಿರಲಿಲ್ಲವಂತೆ. ನಮ್ಮ ಮಕ್ಕಳು ಬಿದ್ದು ಬಿದ್ದು ನಕ್ಕರು. ನೋಡೇಬಿಡೋಣ ಅಂತ ಸೋಮವಾರ ಆಟದ ಪೀರಿಯಡ್ಡಿಗೆ ಹೋಗುವಾಗ, ನಕಾಶೆ ತೋರಿಸುವ ಕೋಲನ್ನು ತರಗತಿಯ ಬಾಗಿಲಿಗೆ ಅಡ್ಡ ಇಟ್ಟೆವು.

ವಾಪಸ್ಸು ಬಂದರೆ ಹೆಡ್‌ಮಾಸ್ಟರು ಹೊರಗೆ ಮುಖ ಗಂಟಿಕ್ಕಿಕೊಂಡು ನಿಂತಿದ್ದಾರೆ, ಒಳಗೆ ಫ್ಯಾನು ಸುಮ್ಮನೆ ತಿರುಗುತ್ತಿದೆ! ಕಾಲು ಉಳುಕಿ ಆಟಕ್ಕೆ ಬರದಿದ್ದ ಹುಡುಗಿಯೊಬ್ಬಳು ವರಾಂಡದಲ್ಲೇ ಕೂತಿದ್ದಳು. "ಕೋಲಿದೆ ಸಾರ್, ದಾಟಬಾರದು" ಅಂತ, ಫ್ಯಾನು ಆರಿಸಲು ಹೊರಟ ಅವರನ್ನು ತಡೆದಿದ್ದಳು. ಪಾಪ, ಅವರೂ ದಾಟಿರಲಿಲ್ಲ.

ಆಮೇಲೆ ಅವಳೇ ಕೇಳಿದಳು, "ಮನೆಯವರೇ ಆದ್ರೆ ಮಿಸ್? ಅಪ್ಪ ಅಮ್ಮ ದಾಟಬಹುದಾ?" ನಾಳೆ ಹೇಳ್ತೀನಿ ಅಂತ ಜಾರಿಕೊಂಡೆ. ಮನೆಗೆ ಬರುವವರೆಗೂ ನನ್ನ ಕಣ್ಣ ಮುಂದೆ ನಿನ್ನ ಮುಖವೇ ಇತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕಮ್ಮನಿಗೆ ಕೈಲಾದ ಸಹಾಯ ಮಾಡು. ಎಲ್ಲಿದ್ದರೂ ಚೆನ್ನಾಗಿರು, ಕಂದ.

ಇಂತಿ,
ಅಮ್ಮ

ತಾ.ಕ.: ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಿನ್ನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಳೇ ಪೊರಕೆಯ ಕೋಲು. ಇಸ್ತ್ರಿ ಪೆಟ್ಟಿಗೆ ಒಳಗೇ ಇದೆ. ಮಡಿಕೆ ಕೆಡದ ಶರ್ಟಿಲ್ಲದೆ ಹೊರಗೆ ಕಾಲಿಡದ ಮನುಷ್ಯ ಈಗ ಮುದುರಿದ ಶರ್ಟಲ್ಲೇ ಆಫೀಸಿಗೆ ಹೋಗುತ್ತಾರೆ. "ಮನೆಯವರ ಹತ್ರ ಎಂಥ ಮುಚ್ಚುಮರೆ?" ಅಂತ ಕೂಗಾಡಿ, ಅವತ್ತು ನೀನು ಅಳುತ್ತ ನಿಂತಿದ್ದಾಗಲೇ ಕಿತ್ತರಲ್ಲ, ನಿನ್ನ ಬಾಗಿಲಿನ ಆ ಒಳಚಿಲಕ ಈಗ ಅವರ ಜೇಬಿನಲ್ಲೇ ಇರುತ್ತದೆ. ಹಾಕಿಬಿಡಿ ಅಂದೆ. "ಹಾಕೋಕೆ ಒಳಗೆ ಹೋಗ್ಬೇಕಲ್ಲ. ಕೋಲನ್ನ ಅವಳೇ ಬಂದು ತೆಗೀಲಿ" ಅಂದರು.