ಬೇಡ ಅನ್ನುವವರ ಕುರ್ಚಿ

ಅಣ್ಣಾ,

ನಿಮ್ಮ ಕಾಗದ ಬಂತು. ಎರಡು ಸಲ ಓದಿದೆ, ಎರಡು ಸಲವೂ ಮೈ ಉರಿಯಿತು. ಫಂಡ್ ಮುಳುಗಿದ್ದಕ್ಕೆ, ನಿಮ್ಮ ಪ್ರಕಾರ, ಕೇಂದ್ರ ಬ್ಯಾಂಕಿನದು ತಪ್ಪು, ಪೇಪರಿನವರದು ತಪ್ಪು, ಗಾಬರಿಬಿದ್ದು ಹಣ ವಾಪಸ್ ಕೇಳಿದ ಜನರದು ತಪ್ಪು. ನಿಮ್ಮ ತಪ್ಪಿನ ಬಗ್ಗೆ ಒಂದು ಸಾಲೂ ಇಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ. ಕೊನೆಗೆ, ಹೊಸ ಫಂಡ್ ಶುರು ಮಾಡುತ್ತೇನೆ, ಈ ಸಲ ಬಡ್ಡಿ ಇಳಿಯುವುದು ಖಂಡಿತ, ನೀನೂ ಬಾ, ನಿಮ್ಮಪ್ಪನಂಥವರನ್ನೂ ಕರೆದುಕೊಂಡು ಬಾ ಎಂದು ಬರೆದಿದ್ದೀರಿ.

ನಾನು ನಿಮ್ಮ ಬಳಿ ಕೆಲಸಕ್ಕೆ ಸೇರಿದಾಗಿನ ನಮ್ಮ ಮೊದಲ ಆಫೀಸು ನೆನಪಿದೆಯೇ? ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು, ಮೂರು ಕುರ್ಚಿ. ಅದರಲ್ಲಿ ಒಂದರ ಕಾಲು ಕುಂಟು. ಯಾವುದೇ ಬಾಂಡ್ ಕೊಳ್ಳುವ ಮುಂಚೆ ಒಬ್ಬರು ಆ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ 'ಬೇಡ' ಎಂದು ವಾದಿಸಲೇಬೇಕು ಎಂಬ ನಿಯಮ ಮಾಡಿದವರು ನೀವೇ. "ಹಾಯಾಗಿ ಕೂತವನು ಬೇಡ ಅನ್ನಲ್ಲ ಕಣಮ್ಮಾ, ಕುಂಟು ಕುರ್ಚಿನೇ ಇರ್ಲಿ" ಅಂದಿದ್ದಿರಿ. ಹೆಚ್ಚಾಗಿ ನಾನೇ ಕೂರುತ್ತಿದ್ದೆ. ನನಗೆ ಅಪಶಕುನ ಅಂತ ಹೆಸರಿಟ್ಟಿರಿ. ಹಾಗೆ ಕರೆಯುವಾಗ ನಿಮ್ಮ ದನಿಯಲ್ಲಿ ಪ್ರೀತಿಯಿತ್ತು. ಕೊಂಡ ಬಾಂಡ್‌ಗಳಿಗಿಂತ ಕೈಬಿಟ್ಟವೇ ನಮ್ಮನ್ನು ಉಳಿಸಿದವು.

ಆಮೇಲೆ ಬೆಳೆದಿರಿ ನೋಡಿ, ಏನು ಬೆಳವಣಿಗೆ! ನೀವು ಕೊಂಡರೆ ಮಾರುಕಟ್ಟೆಯೇ ಕೊಳ್ಳುತ್ತಿತ್ತು, ನೀವು ಕೆಮ್ಮಿದರೆ ಮಂತ್ರಿಗಳ ಕಚೇರಿಯಿಂದ ಫೋನು. ಟಿವಿಯವರು 'ಬಾಂಡ್ ದೊರೆ' ಅಂದರು, ನೀವೂ ನಂಬಿದಿರಿ. ಹನ್ನೆರಡನೇ ಮಹಡಿಗೆ ಹೋದ ದಿನ, ಗಾಜಿನ ಮೇಜಿಗೆ ಒಪ್ಪುವುದಿಲ್ಲ ಎಂದು ಕುಂಟು ಕುರ್ಚಿಯನ್ನು ಹೊರಗಿಡಿಸಿದಿರಿ. ನಾನು ಮನೆಗೆ ತಂದೆ. ನಿಮ್ಮ ಸುತ್ತ ಉಳಿದವರೆಲ್ಲ ತಲೆಯಾಡಿಸುವವರೇ.

ಬಡ್ಡಿ ಇಳಿದೇ ಇಳಿಯುತ್ತದೆ, ಆಗ ಕೈಲಿರುವ ಬಾಂಡ್‌ಗಳ ಬೆಲೆ ಏರುತ್ತದೆ ಎಂದು ಇದ್ದ ಹಣವನ್ನೆಲ್ಲ ಮೂವತ್ತು ವರ್ಷದ ಬಾಂಡ್‌ಗಳಿಗೆ ಸುರಿದ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. "ಅಪಶಕುನಾ, ಇವತ್ತು ಬಾಯಿ ಬಿಡ್ಬೇಡ, ಟಿವಿಯವ್ರ ಕ್ಯಾಮೆರಾ ಇದೆ" ಅಂದಿರಿ. ನಾನು ಬಾಯಿ ಬಿಡಲಿಲ್ಲ. ಬಡ್ಡಿ ಏರಿತು, ಏರುತ್ತಲೇ ಹೋಯಿತು. ಹೆಚ್ಚು ಬಡ್ಡಿಯ ಹೊಸ ಬಾಂಡ್‌ಗಳು ಬಂದಮೇಲೆ ನಮ್ಮ ಹಳೆಯವನ್ನು ಅರ್ಧ ಬೆಲೆಗೂ ಕೇಳುವವರಿರಲಿಲ್ಲ. ಹನ್ನೆರಡನೇ ಮಹಡಿಗೆ ಬೀಗ ಬಿತ್ತು. ನಿಮ್ಮ ಮೇಲಿನಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ. ಹತ್ತೇ ನಿಮಿಷ ಅಣ್ಣಾ, ಕ್ಯಾಮೆರಾ ಇದ್ದರೆ ಇರಲಿ ಎಂದು ಮಾತಾಡಬಹುದಿತ್ತು.

ಅಪ್ಪ ಬಸ್ ಓಡಿಸಿ ಉಳಿಸಿದ್ದನ್ನು ನನ್ನ ಮಾತು ನಂಬಿ ನಿಮ್ಮ ಕೈಗಿಟ್ಟಿದ್ದರು. ಅರವತ್ತೇಳರ ವಯಸ್ಸಿನಲ್ಲಿ ಈಗ ಮತ್ತೆ ಶಾಲೆಯ ವ್ಯಾನು ಓಡಿಸುತ್ತಿದ್ದಾರೆ. ಒಂದು ದಿನವೂ ಬೈದಿಲ್ಲ. "ನಿಮ್ ಸಾಹೇಬ್ರು ಊಟ ಗೀಟ ಸರಿಯಾಗಿ ಮಾಡ್ತಿದ್ದಾರಾ?" ಎಂದು ಕೇಳುತ್ತಾರೆ. ನಿಮ್ಮ ಕಾಗದ ತೋರಿಸಿದರೆ ಉಳಿದ ಪುಡಿಗಾಸನ್ನೂ ಕೊಟ್ಟುಬಿಟ್ಟಾರು, ಅದಕ್ಕೇ ತೋರಿಸಿಲ್ಲ.

ಈ ಕಾಗದದ ಜೊತೆ ಕುರ್ಚಿಯನ್ನೂ ಕಳಿಸುತ್ತಿದ್ದೇನೆ. ಕಾಲು ರಿಪೇರಿ ಮಾಡಿಸಿಲ್ಲ. ನೀವೇ ಅದರಲ್ಲಿ ಕೂತು, ಹೊಸ ಫಂಡ್ ಯಾಕೆ ಬೇಡ ಎಂದು ಹತ್ತು ನಿಮಿಷ ನಿಮಗೆ ನೀವೇ ಹೇಳಿಕೊಳ್ಳಿ. ಮಾತು ತೋಚದಿದ್ದರೆ ನನ್ನದನ್ನು ಇಟ್ಟುಕೊಳ್ಳಿ. ಆ ದಿನ ಬಾಗಿಲಲ್ಲಿ ನುಂಗಿಕೊಂಡದ್ದನ್ನು ಇವತ್ತು ಬರೆಯುತ್ತಿದ್ದೇನೆ: ಬೇಡ ಅಣ್ಣಾ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅಪ್ಪ ಕೇಳಿದಾಗ ನಾನು ಉತ್ತರ ಹೇಳಬೇಕಲ್ಲ. ನಿಮಗೆ ಒಳ್ಳೆಯದಾಗಲಿ.

ಇಂದಿಗೂ ನಿಮ್ಮ
ಅಪಶಕುನ