ದಾಳಿಂಬೆ ಸಿಪ್ಪೆಯ ಒಗರು

ಮನೆಯಿಂದ,
ಭಾನುವಾರ ಮಧ್ಯಾಹ್ನ, ಅಮ್ಮ ಮಲಗಿದ ಹೊತ್ತು

ಮುದ್ದು ಗುಬ್ಬೀ,

ಹೇಗಿದ್ದೀಯೇ? ಸೊಂಟನೋವು ಇಳಿಯಿತಾ? ನಿನ್ನ ಗಂಡನ ಕೆಮ್ಮು ಕಮ್ಮಿಯಾಯಿತಾ, ಇಲ್ಲಾ ಬೀದಿಯವರೆಲ್ಲ ಇನ್ನೂ ಅದನ್ನು ಕೇಳಿಯೇ ಏಳುತ್ತಾರಾ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ನಾನು ಚೆನ್ನಾಗಿದ್ದೇನೆ. ಅಮ್ಮನ ವಿಷಯಕ್ಕೆ ಬರುತ್ತೇನೆ, ತಡಿ.

ನೀನು ಕಳಿಸಿದ ದಾಳಿಂಬೆ ಸಿಪ್ಪೆಯ ಪುಡಿ ತಲುಪಿತು. ಇಷ್ಟು ಪುಡಿಗೆ ಎಷ್ಟು ಹಣ್ಣು ಬಿಡಿಸಿದೆಯೋ, ಬೆರಳೆಲ್ಲ ಕಪ್ಪಾಗಿರಬೇಕು. ಫೋನಿನಲ್ಲಿ ನಾನು ಲ್ಯಾಬಿನ ಇಲಿಗಳ ಕಥೆ ಹೇಳಿದ್ದೇ ಹೇಳಿದ್ದು, ನೀನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಹೋದ ಸಲ ನೀನು ಬಂದಾಗ ಅಮ್ಮ "ಯಾರಮ್ಮ ನೀನು, ಯಾರ ಮನೆಯವಳು?" ಅಂದದ್ದಕ್ಕೆ ಚೀಲ ಬಿಚ್ಚದೆಯೇ ಅಳುತ್ತಾ ಹೊರಟುಹೋದೆ. ಈಗ ನೋಡಿದರೆ "ಪುಡಿ ಕೆಲಸ ಮಾಡಲಿ, ಅಮ್ಮ ನನ್ನ ಗುರುತು ಹಿಡಿಯಲಿ, ಆಮೇಲೆ ಬರ್ತೀನಿ" ಅಂತ ಬರೆದಿದ್ದೀಯ. ಅದಕ್ಕೇ ಆ ಇಲಿಯ ಕಥೆಯನ್ನು ಬಾಲದವರೆಗೂ ಹೇಳಿಬಿಡುತ್ತೇನೆ, ಕೇಳು.

ಮೆದುಳಿನೊಳಗೆ ನೆನಪಿನ ಸುದ್ದಿ ಹೊರುವ ದ್ರವ್ಯವೊಂದಿದೆಯಂತೆ. ಅದನ್ನು ಕತ್ತರಿಸಿ ಹಾಕುವ ಕಿಣ್ವವೂ ಅಲ್ಲೇ ಇದೆ. ಸಿಪ್ಪೆಯ ಒಗರಿನಲ್ಲಿರುವ ಫೀನಾಲ್ ಎಂಬ ಸತ್ವಗಳು ಆ ಕಿಣ್ವದ ಕೈ ಕಟ್ಟುತ್ತವಾ ಎಂದು ನಮ್ಮ ಲ್ಯಾಬಿನ ಮೇಡಂ ನೋಡುತ್ತಿದ್ದರು. ಇಲಿಗಳಿಗೆ ಅದನ್ನು ಕುಡಿಸುವುದು, ಪಂಜರ ತೊಳೆಯುವುದು, ಪರೀಕ್ಷೆಗೆ ಬಿಡುವುದು ನನ್ನ ಕೆಲಸ. ಪರೀಕ್ಷೆ ಅಂದರೆ ಮಕ್ಕಳಾಟ. ಪೆಟ್ಟಿಗೆಯಲ್ಲಿ ಒಂದೇ ಥರದ ಎರಡು ಮರದ ತುಂಡು ಇಟ್ಟು ಮೂಸಲು ಬಿಡುತ್ತೇವೆ. ಮಾರನೇ ದಿನ ಒಂದನ್ನು ತೆಗೆದು ಗಾಜಿನ ಬಿರಡೆ ಇಡುತ್ತೇವೆ. ಮರೆತ ಇಲಿಗೆ ಎರಡೂ ಒಂದೇ. ನೆನಪಿರುವ ಇಲಿ ಮರದ ತುಂಡಿಗೆ 'ನಿನ್ನನ್ನು ನೋಡಿದ್ದೀನಿ, ಹೋಗು' ಎಂಬಂತೆ ಬೆನ್ನು ಹಾಕಿ ಹೊಸದನ್ನೇ ಮೂಸುತ್ತದೆ. ಮದ್ದು ಕೊಟ್ಟು ಮರೆವು ಬರಿಸಿದ ಇಲಿಗಳಲ್ಲೂ ಒಗರು ಕುಡಿದವು ಹೊಸದನ್ನು ಕಂಡುಹಿಡಿದವು. ಇಷ್ಟನ್ನೇ ನಾನು ನಿನಗೆ ಹೇಳಿದ್ದು. ಅವುಗಳಲ್ಲಿ ಒಂದಕ್ಕೆ ಸಾಹೇಬ ಅಂತ ಹೆಸರಿಟ್ಟಿದ್ದೆ, ಗತ್ತು ಹಾಗಿತ್ತು. ಪಂಜರ ತೆರೆದರೆ ಸೀದಾ ನನ್ನ ಅಂಗೈಗೆ ಬಂದು ಕೂರುತ್ತಿದ್ದ. ಆದರೆ ಕಿಣ್ವ ತಗ್ಗಿದೆಯಾ ಎಂದು ಅಳೆಯಬೇಕಾದರೆ ಮೆದುಳನ್ನೇ ಹೊರಗೆ ತೆಗೆಯಬೇಕು, ಗುಬ್ಬಿ. ಕೊನೆಯ ದಿನವೂ ಸಾಹೇಬ ಅಂಗೈಗೇ ಬಂದ. ನನ್ನನ್ನು ಮರೆತಿದ್ದರೆ ಮೂಲೆಗೆ ಓಡುತ್ತಿದ್ದನೇನೋ. ಕಿಣ್ವ ತಗ್ಗಿತ್ತು, ಮೇಡಂ ಹಿಗ್ಗಿದರು. ನನಗೆ ಅನ್ನ ಸೇರಲಿಲ್ಲ.

ಅಮ್ಮನಿಗೆ ಪುಡಿ ಕೊಡಬಹುದಾ ಅಂತ ಮೇಡಂನ ಕೇಳಿದೆ. "ಇಲಿಯ ಮಾತು ಇಲಿಗಾಯ್ತು, ಮನುಷ್ಯರ ಮಾತು ಇನ್ನೂ ಗೊತ್ತಿಲ್ಲ" ಅಂದರು. ಅಮ್ಮನ ಡಾಕ್ಟರು, ಚಿಟಿಕೆ ಕೊಡಿ, ಆಸೆ ಮಾತ್ರ ಇಟ್ಟುಕೊಳ್ಳಬೇಡಿ ಅಂದರು. ನೀರಿನಲ್ಲಿ ಕದಡಿ ಕೊಡುತ್ತಿದ್ದೇನೆ. ಆದರೆ ನನ್ನ ಕೈಯ ಲೋಟ ಅವಳು ಮುಟ್ಟುವುದಿಲ್ಲ. ನನ್ನನ್ನು ಕೆಲಸದವಳು ಅಂದುಕೊಂಡಿದ್ದಾಳೆ. "ಸಂಬಳ ಸರಿಯಾಗಿ ಕೊಡ್ತಾರೇನಮ್ಮ ಇವರು?" ಅಂತ ಗುಟ್ಟಾಗಿ ವಿಚಾರಿಸುತ್ತಾಳೆ. ಅದಕ್ಕೇ "ಅಮ್ಮಾ, ನಾನು ಗುಬ್ಬಿ" ಅಂತ ಸುಳ್ಳು ಹೇಳಿ ಕುಡಿಸುತ್ತೇನೆ. ಆ ಹೆಸರು ಕಿವಿಗೆ ಬಿದ್ದರೆ ಬಾಯಿ ತೆರೆಯುತ್ತಾಳೆ. ನನಗೇನೂ ಹೊಟ್ಟೆಕಿಚ್ಚಿಲ್ಲ ಕಣೇ. ಸ್ವಲ್ಪ ಇದೆ.

ನಿನ್ನ ಗಂಡನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ಮೈ ಕಡೆ ನೋಡಿಕೋ, ತಣ್ಣೀರಿನಲ್ಲಿ ನಿಂತು ಕೆಲಸ ಮಾಡಬೇಡ.

ನಿನ್ನ ಅಕ್ಕ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಎದ್ದಳು. ಲೋಟ ಹಿಡಿದು, ನಾನು ಗುಬ್ಬಿ ಅಂದೆ. ನನ್ನ ಮುಖವನ್ನೇ ದಿಟ್ಟಿಸಿ ಲೋಟ ತಳ್ಳಿದಳು. "ನೀನಲ್ಲ. ಗುಬ್ಬಿ ಮೊದಲು ತಾನೊಂದು ಗುಟುಕು ಕುಡಿದು ಮುಖ ಕಿವುಚ್ತಾಳೆ. ಆಮೇಲೆ ನನಗೆ ಕೊಡ್ತಾಳೆ." ಚಿಕ್ಕವಳಿದ್ದಾಗ ನೀನು ಅಮ್ಮನ ಔಷಧಿಗೆ ಹಾಗೆ ಮಾಡುತ್ತಿದ್ದದ್ದು ನನಗೇ ಮರೆತುಹೋಗಿತ್ತು. ಇದು ಪುಡಿಯಿಂದ ಆದದ್ದೋ ಅಲ್ಲವೋ, ನಾನರಿಯೆ. ಇನ್ನು ಪುಡಿ ಕಳಿಸಬೇಡ, ನೀನೇ ಬಾ. ಹಳೆಯದು ಯಾವುದು, ಹೊಸದು ಯಾವುದು ಎಂದು ಅವಳಿಗೆ ತಿಳಿಯುತ್ತಿರುವಾಗಲೇ ಬಾ. ಬಂದ ಕೂಡಲೇ ಗುರುತು ಹಿಡಿಯದಿದ್ದರೆ ಚೀಲ ಎತ್ತಬೇಡ. ಲೋಟ ತಗೊಂಡು ಒಂದು ಗುಟುಕು ಕುಡಿದು ಮುಖ ಕಿವುಚು.